ಅನುಪಾನ

ಚಿಕ್ಕಂದಿನಲ್ಲಿ ನಾನು ಕಂಡಂತೆ, ನಮ್ಮ ಅಜ್ಜಿಗೆ ಮದ್ದಿಗಿಂತ ಅನುಪಾನದ ಚಿಂತೆಯೇ ಹೆಚ್ಚು. ಪಂಡಿತರು ಕೊಟ್ಟ ಗುಳಿಗೆಗಳಲ್ಲಿ ಒಂದನ್ನು ಜೇನಿನಲ್ಲಿ ತೇಯಬೇಕು, ಇನ್ನೊಂದನ್ನು ತುಪ್ಪದಲ್ಲಿ ಕಲಸಬೇಕು, ಮತ್ತೊಂದಕ್ಕೆ ಬಿಸಿನೀರೇ ಆಗಬೇಕು. ಜೇನು ಮುಗಿದ ದಿನ, ಬೆಲ್ಲದ ನೀರು ಆಗದೆ ಎಂದು ನಾನು ಕೇಳಿದ್ದುಂಟು. "ಮದ್ದಿಗೆ ಕಾಲಿಲ್ಲವೋ ಮಗು, ಹೊತ್ತುಕೊಂಡು ಹೋಗುವವರು ಬೇಡವೆ?" ಎಂದಿದ್ದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ನಾಲ್ಕು ಅಕ್ಷರ ಕಲಿತ ಮೇಲೆ ಆ ಮಾತಿಗೆ ನಕ್ಕು ಮರೆತುಬಿಟ್ಟೆ.

ಅದು ಮರಳಿ ನೆನಪಾದುದು 2021ರ ಬೇಸಗೆಯಲ್ಲಿ. ರೆಮ್ಡೆಸಿವಿರ್ ಎಂಬ ಔಷಧಕ್ಕಾಗಿ ಬೆಂಗಳೂರಿನ ಜನ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದ ಕಾಲ ಅದು. ಆ ಔಷಧದಿಂದ ಎಷ್ಟು ಜೀವ ಉಳಿಯಿತೆಂಬ ಚರ್ಚೆಯನ್ನು ವೈದ್ಯರಿಗೇ ಬಿಡೋಣ. ನನ್ನನ್ನು ಬೆರಗುಗೊಳಿಸಿದುದು ಅದರ ವಿವರಪತ್ರ. ಪುಡಿಯ ಸೀಸೆಯೊಂದರಲ್ಲಿ ಔಷಧ 100 ಮಿಲಿಗ್ರಾಂ. ಅದನ್ನು ನೀರಿನಲ್ಲಿ ಕರಗಿಸುವ ಜೊತೆವಸ್ತು 3 ಗ್ರಾಂ. ಮದ್ದಿನ ಮೂವತ್ತರಷ್ಟು ಅನುಪಾನ!

ರಕ್ತಕ್ಕೆ ಸೇರಬೇಕಾದ ಔಷಧ ಮೊದಲು ನೀರಿನಲ್ಲಿ ಕರಗಬೇಕು. ಆದರೆ ಪ್ರಬಲವಾದ ಔಷಧಗಳಲ್ಲಿ ಎಷ್ಟೋ ನೀರನ್ನು ಕಂಡರಾಗದ ಜಾತಿಯವು. ಕರಗಿಸುವ ಆತುರ ಎಂಥ ಅನಾಹುತಕ್ಕೆ ಎಡೆಗೊಟ್ಟೀತೆಂಬುದನ್ನು 1937ರಲ್ಲಿ ಅಮೆರಿಕ ಕಂಡಿತು. ಸಲ್ಫನಿಲಮೈಡ್ ಅಲ್ಲಿ ಮಾತ್ರೆಯಾಗಿ, ಪುಡಿಯಾಗಿ ಅದಾಗಲೇ ಹೆಸರು ಪಡೆದಿತ್ತು. ಅದನ್ನು ದ್ರವರೂಪದಲ್ಲಿ ಮಾರಬೇಕೆಂದು ಹೊರಟ ಒಂದು ಕಂಪೆನಿಯ ರಸಾಯನಜ್ಞನು ಅದು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಚೆನ್ನಾಗಿ ಕರಗುವುದನ್ನು ಕಂಡನು. ಬಣ್ಣ, ವಾಸನೆ, ರುಚಿಗಳನ್ನು ಪರೀಕ್ಷಿಸಿದರು. ವಿಷವೆ ಎಂದು ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕೆಂಬ ಕಾನೂನೂ ಆಗ ಇರಲಿಲ್ಲ. ಮೂತ್ರಪಿಂಡ ಕೆಟ್ಟು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಅನೇಕ. ಸರ್ಕಾರ ಆ ಸೀಸೆಗಳನ್ನು ಹಿಡಿಯಲು ಸಿಕ್ಕ ಕಾರಣವಾದರೂ ಏನು? ಮದ್ಯಸಾರವಿಲ್ಲದ ದ್ರವಕ್ಕೆ 'ಎಲಿಕ್ಸಿರ್' ಎಂದು ಸುಳ್ಳು ಹೆಸರಿಟ್ಟರೆಂಬುದು! 1938ರಲ್ಲಿ ಹೊಸ ಕಾನೂನು ಬಂದಿತು.

ಕೊಂದುದು ಮದ್ದಲ್ಲ, ಅದನ್ನು ಹೊತ್ತ ದ್ರವ. ಹಾಗಾದರೆ ಹೊರುವ ವಸ್ತುವನ್ನು ಆರಿಸುವುದು ಹೇಗೆ? ಈ ಪ್ರಶ್ನೆಯನ್ನು ಊಹೆಯಿಂದ ಅಳತೆಗೆ ತಂದವರಲ್ಲಿ ತಕೇರು ಹಿಗುಚಿ ಮುಖ್ಯರು. 1918ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಇವರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. ಮುಲಾಮಿನಿಂದ ಹೊರಬೀಳುವ ಔಷಧದ ಪ್ರಮಾಣ ಕಾಲದ ವರ್ಗಮೂಲವನ್ನು ಅನುಸರಿಸುತ್ತದೆಂದು 1961ರಲ್ಲಿ ತೋರಿಸಿದರು: ಒಂದು ಗಂಟೆಗೆ ಒಂದು ಪಾಲು ಬಂದರೆ, ಎರಡು ಪಾಲಿಗೆ ನಾಲ್ಕು ಗಂಟೆ ಬೇಕು. 1965ರಲ್ಲಿ ಕೆನ್ನೆತ್ ಕಾನರ್ಸ್‌ರೊಡನೆ ಬರೆದ ಲೇಖನವಂತೂ ಈ ವಿದ್ಯೆಯ ಕೈದೀವಿಗೆಯಾಯಿತು. ವಿಧಾನ ಸರಳ. ಹಲವು ಸೀಸೆಗಳಲ್ಲಿ, ಕರಗಬಲ್ಲುದಕ್ಕಿಂತ ಹೆಚ್ಚು ಔಷಧವನ್ನು ನೀರಿಗೆ ಹಾಕಿ, ಜೊತೆವಸ್ತುವನ್ನು ಒಂದಕ್ಕಿಂತ ಒಂದರಲ್ಲಿ ಹೆಚ್ಚಿಸುತ್ತ ಹೋಗುವುದು; ಚೆನ್ನಾಗಿ ಕುಲುಕಿ, ಕರಗಿದುದನ್ನು ಅಳೆದು ರೇಖೆ ಎಳೆಯುವುದು. ಆ ರೇಖೆ ಹೇಗೆ ಏರುತ್ತದೆಂಬುದರಿಂದ ಎರಡು ಅಣುಗಳ ಸ್ನೇಹ ಎಷ್ಟು ಬಿಗಿಯೆಂದು ತಿಳಿಯುತ್ತದೆ. ಜಾತಕ ಕೂಡಿಸುವವರಿಗೂ ಇಷ್ಟು ಖಚಿತವಾದ ಲೆಕ್ಕ ಸಿಕ್ಕದು.

ಹಿಗುಚಿಯವರು 1967ರಲ್ಲಿ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಹೋದರು, 1987ರಲ್ಲಿ ತೀರಿಕೊಂಡರು. ಅದೇ ಕ್ಯಾನ್ಸಾಸ್‌ನಲ್ಲಿ ವ್ಯಾಲೆಂಟಿನೊ ಸ್ಟೆಲ್ಲಾ ಮತ್ತು ರೋಜರ್ ರಾಜೆವ್ಸ್ಕಿ 1990ರ ಸುಮಾರಿಗೆ ಸೈಕ್ಲೋಡೆಕ್ಸ್ಟ್ರಿನ್ ಎಂಬ ವಸ್ತುವನ್ನು ಕೈಗೆತ್ತಿಕೊಂಡರು. ಪಿಷ್ಟದಿಂದ ದೊರೆಯುವ ಇದರ ಅಣುವೊಂದು ಸಕ್ಕರೆಯ ಬಳೆ. ಬಳೆಯ ಹೊರಮೈ ನೀರಿಗೆ ಒಲಿದುದು, ಒಳಮೈ ಎಣ್ಣೆಗೆ ಒಲಿದುದು. ನೀರೊಲ್ಲದ ಔಷಧ ಒಳಗೆ ಕುಳಿತರೆ ಬಳೆ ಅದನ್ನು ನೀರಿನಲ್ಲಿ ಸಾಗಿಸುತ್ತದೆ. ತೊಡಕು ಒಂದೇ: ಏಳು ಸಕ್ಕರೆಯ ಈ ಬಳೆಯನ್ನು ಹಾಗೆಯೇ ರಕ್ತಕ್ಕೆ ಚುಚ್ಚಿದರೆ ಮೂತ್ರಪಿಂಡಕ್ಕೆ ಹಾನಿ. 1937ರ ಗಾಯ ಇಲ್ಲಿಯೂ! ಅವರು ಬಳೆಯ ಅಂಚಿಗೆ ವಿದ್ಯುದಂಶವುಳ್ಳ ಬಾಲಗಳನ್ನು ಜೋಡಿಸಿದರು. ಬಳೆ ನೀರಿನಲ್ಲಿ ಇನ್ನಷ್ಟು ಕರಗುವಂತಾಯಿತು. ಔಷಧವನ್ನು ಇಳಿಸಿ, ಮೂತ್ರದೊಡನೆ ಸದ್ದಿಲ್ಲದೆ ಹೊರಟುಹೋಗುವಂತಾಯಿತು.

ರೆಮ್ಡೆಸಿವಿರ್ ಸೀಸೆಯ ಆ 3 ಗ್ರಾಂ ಇದೇ ಬಳೆ. ಮೂತ್ರಪಿಂಡ ತೀರ ದುರ್ಬಲವಾದವರಲ್ಲಿ ಅದು ಹೊರಹೋಗದೆ ಉಳಿದೀತೆಂದು ಮೊದಮೊದಲು ವೈದ್ಯರು ಹಿಂಜರಿಯುತ್ತಿದ್ದರು. ಅಂಥವರಿಗೂ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದುದು 2023ರ ಜುಲೈಯಲ್ಲಿ.