ಮಗುವಿನ ಮುಖ ಯಾವ ಕಡೆಗೆ?

ಕೈಗೂಸನ್ನು ಕೂರಿಸಿಕೊಂಡು ತಳ್ಳುವ ಬಂಡಿಗೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. 'ತಳ್ಳುಗಾಡಿ' ಎಂದೊಡನೆ ತರಕಾರಿಯವನು ಕಣ್ಣಮುಂದೆ ಬರುತ್ತಾನೆ. ಪೇಟೆಯಲ್ಲಿ 'ಪ್ರಾಮ್' ಎಂದೋ 'ಸ್ಟ್ರಾಲರ್' ಎಂದೋ ಕೇಳಿ ಕೊಳ್ಳಬೇಕು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮಲ್ಲಿ ಮಗುವಿನ ವಾಹನವೆಂದರೆ ಸೊಂಟ. ತಾಯಿಯದು, ಅಜ್ಜಿಯದು, ಅದೂ ದಣಿದರೆ ನೆರೆಮನೆಯ ಹುಡುಗಿಯದು. ಮೂರು ಗಾಲಿಯ ಮರದ ಬಂಡಿಯೊಂದು ಅನೇಕ ಮನೆಗಳಲ್ಲಿ ಇದ್ದುದು ನಿಜವಾದರೂ ಅದನ್ನು ತಳ್ಳುತ್ತಿದ್ದುದು ನಡೆಯಲು ಕಲಿಯುವ ಮಗುವೇ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದಾಳೆ. ಗಂಡಹೆಂಡಿರಿಬ್ಬರೂ ದುಡಿಯುವವರು, ಅಕ್ಕ ಮೈಸೂರಿನಲ್ಲಿ. ಹಿರಿಯ ಹುಡುಗನಿಗೆ ಎರಡೂವರೆ ವರ್ಷ, ಎರಡನೆಯ ಕೂಸು ಇನ್ನು ಮೂರು ತಿಂಗಳಿಗೆ ಬರಲಿದೆ. ಹುಡುಗ ಚೂಟಿ, ಆದರೆ ಮಾತು ತಡ. ವೈದ್ಯರು ಕಿವಿಯನ್ನು ಪರೀಕ್ಷಿಸಿ, ದೋಷವೇನೂ ಇಲ್ಲ, ಮಗುವಿನೊಡನೆ ಹೆಚ್ಚು ಹೆಚ್ಚಾಗಿ ಮಾತನಾಡಿ ಎಂದರಂತೆ. ಹಗಲೆಲ್ಲ ಆಯಾಳ ಕೈಯಲ್ಲಿರುವ ಮಗುವಿಗೆ ತಾಯಿ ದೊರೆಯುವುದು ಸಂಜೆಯ ಅರ್ಧ ಗಂಟೆಯ ತಿರುಗಾಟದಲ್ಲಿ. ಆ ಅರ್ಧ ಗಂಟೆಯಲ್ಲಿ ಅವನು ಬಂಡಿಯಲ್ಲಿ ಬೀದಿಯನ್ನು ನೋಡುತ್ತ ಕುಳಿತಿರುತ್ತಾನೆ, ಇವಳು ಅವನ ನೆತ್ತಿಯನ್ನು ನೋಡುತ್ತ ನಡೆಯುತ್ತಾಳೆ. ಮಾತು ತಡವಾದುದಕ್ಕೆ ಬಂಡಿಯೇ ಕಾರಣವೆಂದು ನಾನು ಹೇಳಲಾರೆ. ಆದರೆ ನೆತ್ತಿಯೊಡನೆ ಎಷ್ಟು ಹೊತ್ತು ಮಾತನಾಡಲಾದೀತು?

ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸುಜಾನ್ ಜೀಡಿಕ್ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪ್ರಶ್ನೆಯನ್ನೇ ಕುರಿತದ್ದು. ಬ್ರಿಟನ್ನಿನ ಪೇಟೆಬೀದಿಗಳಲ್ಲಿ 2,700ಕ್ಕೂ ಹೆಚ್ಚು ಮಕ್ಕಳನ್ನೂ ಅವರನ್ನು ಕರೆದೊಯ್ಯುವವರನ್ನೂ ಗಮನಿಸಿದಾಗ, ಮಗುವಿನ ಮುಖ ತಳ್ಳುವವರ ಕಡೆಗಿದ್ದಲ್ಲಿ ಮಾತು ಎರಡು ಪಟ್ಟಿಗಿಂತಲೂ ಹೆಚ್ಚಾಗಿ ಕಂಡುಬಂದಿತು. ಬಳಿಕ ಇಪ್ಪತ್ತು ಕೂಸುಗಳನ್ನು ಎರಡೂ ಬಗೆಯಲ್ಲಿ ಕೂರಿಸಿ ನೋಡಿದರು. ತಾಯಿಯ ಮುಖ ಕಾಣುತ್ತಿದ್ದಾಗ ಅವು ನಿದ್ರೆಹೋಗುವುದೂ ಹೆಚ್ಚಾಗಿತ್ತು. ಇಪ್ಪತ್ತು ಕೂಸುಗಳ ಲೆಕ್ಕ ಸಣ್ಣದೇ, ಒಪ್ಪಬೇಕು. ಆದರೂ ನುಡಿಯನ್ನು ಕಲಿಸಿ ಬದುಕುವ ನನ್ನಂಥವನಿಗೆ ಇದನ್ನು ತಳ್ಳಿಹಾಕುವುದು ಕಷ್ಟ. ಸೊಂಟದ ಮೇಲಿನ ಕೂಸಿಗೆ ತಾಯಿಯ ತುಟಿ ಒಂದು ಗೇಣಿನಷ್ಟೇ ದೂರ.

ಮುಖ ಹೊರಕ್ಕೆ ತಿರುಗಿದ್ದು ಹೇಗೆ? ಸುಮಾರು 1733ರಲ್ಲಿ ಇಂಗ್ಲೆಂಡಿನ ವಿಲಿಯಂ ಕೆಂಟ್ ಎಂಬ ಶಿಲ್ಪಿ ಡೆವನ್‌ಷೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಬಂಡಿಯೊಂದನ್ನು ಮಾಡಿಕೊಟ್ಟ. ಅದನ್ನು ಎಳೆಯಬೇಕಾದದ್ದು ಆಡು ಅಥವಾ ಕುಳ್ಳ ಕುದುರೆ. ಅದರೊಡನೆ ಸಂಭಾಷಣೆಯ ಮಾತಿರಲಿಲ್ಲ! ಮುಂದೆ ಮನುಷ್ಯರೇ ತಳ್ಳುವ ಬಂಡಿಗಳು ಬಂದವು. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ಎಂಬಾತ ಮಗುವಿನ ತೊಟ್ಟಿಯನ್ನು ಬೇಕೆಂದಾಗ ತಳ್ಳುವವರ ಕಡೆಗೆ ತಿರುಗಿಸಬಹುದಾದ ಬಂಡಿಗೆ ಪೇಟೆಂಟ್ ಪಡೆದ. ಆದರೆ ಅಂಥ ಬಂಡಿಗಳೆಲ್ಲ ಭಾರ. 1965ರಲ್ಲಿ ಓವೆನ್ ಮ್ಯಾಕ್ಲಾರೆನ್ ಕೊಡೆಯಂತೆ ಮಡಚುವ ಅಲ್ಯೂಮಿನಿಯಂ ಬಂಡಿಗೆ ಪೇಟೆಂಟ್ ಕೋರಿದ. ಸ್ಪಿಟ್‌ಫೈರ್ ಯುದ್ಧವಿಮಾನದ ಮಡಚುವ ಗಾಲಿಗಳ ವಿನ್ಯಾಸದಲ್ಲಿ ಪಳಗಿದ ಕೈ ಅದು. ಮೂರು ಕಿಲೋಗ್ರಾಂ ಕೂಡ ತೂಗದ ಆ ಬಂಡಿಯನ್ನು ತಾಯಿ ಒಂದೇ ಕೈಯಲ್ಲಿ ಹಿಡಿದು ಬಸ್ಸು ಹತ್ತಬಹುದಾಯಿತು. ಆದರೆ ಹಾಗೆ ಮಡಚಬೇಕಾದರೆ ಮಗು ಮುಂದಕ್ಕೆ ನೋಡಿಯೇ ಕೂರಬೇಕಾಯಿತು. ಹಗುರವಾದುದಕ್ಕೆ ತೆತ್ತ ಬೆಲೆ ಅದು. ನಮ್ಮ ಪೇಟೆಗಳಲ್ಲಿ ಅಗ್ಗವಾಗಿ ದೊರೆಯುವವು ಬಹುಪಾಲು ಇದೇ ಸಂತತಿಯವು.

ಅಂಗಡಿಗೆ ಹೋದ ದಿನ ನಮ್ಮನ್ನು ಮೊದಲು ಸೆಳೆದದ್ದು ಇಬ್ಬರು ಮಕ್ಕಳು ಪಕ್ಕಪಕ್ಕದಲ್ಲಿ ಕೂರುವ ಜೋಡಿಬಂಡಿ. ನೋಡಲು ಪುಟ್ಟ ರಥ. "ಮಾವ, ಇದು ನಮ್ಮ ಲಿಫ್ಟಿನೊಳಗೆ ಹೋಗುತ್ತದೆಯೇ?" ಎಂದಳು. ಟೇಪು ಹಿಡಿದು ನೋಡಿದರೆ ಅಗಲ ಮೂವತ್ತು ಅಂಗುಲ. ಮನೆಯಲ್ಲಿ ಅಳೆದು ಬಂದಿದ್ದ ಲಿಫ್ಟಿನ ಬಾಗಿಲು ಇಪ್ಪತ್ತೇಳು. ಒಬ್ಬರ ಹಿಂದೊಬ್ಬರು ಕೂರುವ ಬಂಡಿಗೆ ಬಾಗಿಲಿನ ತೊಡಕಿಲ್ಲ, ಆದರೆ ಆ ಉದ್ದದ ಬಂಡಿಯ ಮೂತಿಯನ್ನೆತ್ತಿ ಕಾಲುದಾರಿಗೆ ಹತ್ತಿಸುವುದು ಒಬ್ಬರ ಕೈಯಲ್ಲಾಗದ ಕೆಲಸ. ಬೆಂಗಳೂರಿನ ಕಾಲುದಾರಿಯಾದರೋ ಹತ್ತಿಸುವುದು, ಇಳಿಸುವುದು, ಮುರಿದ ಚಪ್ಪಡಿಯನ್ನು ಬಳಸುವುದು, ಅಡ್ಡ ನಿಂತ ಮೋಟಾರುಸೈಕಲ್ಲಿಗೆ ದಾರಿಬಿಟ್ಟು ರಸ್ತೆಗಿಳಿಯುವುದು. ರಸ್ತೆಗಿಳಿದರೆ ವಾಹನಗಳ ಹೊಗೆಕೊಳವೆ ಮಗುವಿನ ಮೂಗಿನ ಮಟ್ಟದಲ್ಲೇ ಇರುತ್ತದೆ. ಬಂಡಿಯಲ್ಲಿನ ಕೂಸುಗಳು ದೊಡ್ಡವರಿಗಿಂತ ಶೇಕಡ 60ರವರೆಗೆ ಹೆಚ್ಚು ಕಲುಷಿತ ಗಾಳಿಗೆ ಒಡ್ಡಿಕೊಳ್ಳಬಹುದೆಂದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ತಿಳಿಸಿದರು. ಆಸನ ಎತ್ತರವಾದಷ್ಟೂ ಮೇಲು. ಮುಖ್ಯರಸ್ತೆಯನ್ನು ಬಿಟ್ಟು ಒಳಬೀದಿಯಲ್ಲಿ ತಿರುಗಿದರೆ ಇನ್ನೂ ಮೇಲು; ಅದಕ್ಕೆ ಕಾಸು ಖರ್ಚಿಲ್ಲ.

ಅಂಗಡಿಯವನು ಲೋಟ ಇಡುವ ಬಳೆಯನ್ನೂ ಮೊಬೈಲಿನ ಚೀಲವನ್ನೂ ಬಹಳ ಉತ್ಸಾಹದಿಂದ ತೋರಿಸಿದ. ನಾವು ನೋಡಿದ್ದು ಬೇರೆ. ಕತ್ತು ನಿಲ್ಲದ ಕೂಸಿಗೆ ಮೊದಲ ಆರು ತಿಂಗಳು ಚಪ್ಪಟೆಯಾಗಿ ಮಲಗುವಂತಿರಬೇಕು. ಭುಜ, ಸೊಂಟ, ತೊಡೆಸಂದು ಮೂರನ್ನೂ ಹಿಡಿಯುವ ಪಟ್ಟಿ ಬೇಕು. ಗಾಲಿ ದೊಡ್ಡದಿರಬೇಕು, ಚಿಕ್ಕ ಪ್ಲಾಸ್ಟಿಕ್ ಗಾಲಿಗಳು ನಮ್ಮ ಚಪ್ಪಡಿಗಳ ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ತರಕಾರಿಯ ಚೀಲಕ್ಕೆ ಜಾಗ ಆಸನದ ಕೆಳಗಿರಬೇಕು. ಹಿಡಿಕೆಗೆ ನೇತುಹಾಕಿದರೆ ಮಗುವನ್ನು ಎತ್ತಿಕೊಂಡ ಗಳಿಗೆಯಲ್ಲೇ ಬಂಡಿ ಹಿಂದಕ್ಕೆ ಮಗುಚುತ್ತದೆ.

ಕೊನೆಗೆ ಕೊಂಡದ್ದು ಒಂದೇ ಆಸನದ, ಆದರೆ ಆಸನವನ್ನು ತಾಯಿಯ ಕಡೆಗೆ ತಿರುಗಿಸಿ ಕೂಡಿಸಬಹುದಾದ ಬಂಡಿ. ತೂಕ ಹತ್ತು ಕಿಲೋಗ್ರಾಂ. ಲಿಫ್ಟು ಕೆಟ್ಟ ದಿನ ಅದನ್ನು ಹೊರುವವರು ಯಾರೆಂಬುದನ್ನು ಅಳಿಯನೊಡನೆ ಅಲ್ಲಿಯೇ ಇತ್ಯರ್ಥಪಡಿಸಿಕೊಂಡೆವು. ಮೈಸೂರಿನ ರೈಲಿಗೆ ಹಳೆಯ ಹಗುರ ಬಂಡಿ ಇದ್ದೇ ಇದೆ. ಕೂಸು ಬಂದಾಗ ಹುಡುಗನಿಗೆ ಮೂರು ವರ್ಷ ಸಮೀಪಿಸಿರುತ್ತದೆ. ಕೂರೆಂದರೆ ಕೂರುವ ವಯಸ್ಸಲ್ಲ. ಅವನಿಗಾಗಿ ಹಿಂಬದಿಗೆ ಗಾಲಿಯುಳ್ಳ ನಿಲುವು ಹಲಗೆಯೊಂದನ್ನು ಸಿಕ್ಕಿಸಬಹುದು. ಸದ್ಯ ಆ ಹಲಗೆ ಬೀರುವಿನ ಮೇಲಿದೆ, ಆಸನದಲ್ಲಿ ಹುಡುಗನೇ ಇದ್ದಾನೆ, ಸಂಜೆಯ ಹೊತ್ತು ತಾಯಿಯ ಕಡೆಗೆ ಮುಖಮಾಡಿಕೊಂಡು.