ಮೆಡಿಕಲ್ ಸೀಟು: ಆಸೆ ಎಷ್ಟು, ರ್‍ಯಾಂಕ್ ಎಷ್ಟು?

ನೀಟ್ ಫಲಿತಾಂಶ ಬಂತೆಂದರೆ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಫೋನಿಗೆ ಪುರುಸೊತ್ತೇ ಇರೋದಿಲ್ಲ. ‘ಎಷ್ಟು ಬಂತು?’ ಎನ್ನುವುದು ಮೊದಲ ಪ್ರಶ್ನೆ. ‘ಬೆಂಗಳೂರು ಮೆಡಿಕಲ್ ಸಿಗುತ್ತಾ?’ ಎನ್ನುವುದು ಎರಡನೆಯದು. ಉತ್ತರ ಹೇಳಿ ಹೇಳಿ ಸುಸ್ತಾಗುವವಳು ಅಮ್ಮ. ಒಂದು ಕಡೆ ರೂಮಿನ ಬಾಗಿಲು ಹಾಕಿಕೊಂಡು ಕೂತ ಮಗಳು, ಇನ್ನೊಂದು ಕಡೆ ಫೀಸಿನ ಲೆಕ್ಕ ಹಾಕುತ್ತಿರುವ ಗಂಡ. ಮಧ್ಯೆ, ದಿನಕ್ಕೊಂದು ಸಲಹೆ ಕೊಡುವ ನೆಂಟರು.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರಾದರೂ ತಲೆ ತಣ್ಣಗಿಟ್ಟುಕೊಂಡು ಲೆಕ್ಕ ಹಾಕಬೇಕು. ಆ ಒಬ್ಬರು ನೀವೇ ಯಾಕಾಗಬಾರದು? ಮೆಡಿಕಲ್ ಪ್ರವೇಶದ ವಿಷಯ ಗೊಂದಲ ಅನ್ನಿಸುತ್ತೆ ನಿಜ. ಆದರೆ ಮನೆ ಖರ್ಚನ್ನು ತಿಂಗಳ ಕೊನೆಯವರೆಗೆ ತೂಗಿಸುವ ಗೃಹಿಣಿಗೆ ಅರ್ಥವಾಗದಂಥದ್ದು ಇದರಲ್ಲಿ ಏನೂ ಇಲ್ಲ.

ಅಂಕ ಬಿಡಿ, ರ್‍ಯಾಂಕ್ ಹಿಡಿಯಿರಿ

‘ಪಕ್ಕದ ಮನೆ ಹುಡುಗನಿಗೆ ಹೋದ ವರ್ಷ ಇಷ್ಟೇ ಮಾರ್ಕ್ಸ್‌ಗೆ ಸೀಟು ಸಿಕ್ಕಿತ್ತು’ ಎಂಬ ಮಾತನ್ನು ನಂಬಿ ಕೂರಬೇಡಿ. ಒಂದೇ ಅಂಕಕ್ಕೆ ಪ್ರತಿ ವರ್ಷವೂ ಬೆಲೆ ಬೇರೆ. 2024ರಲ್ಲಿ 720ಕ್ಕೆ 600 ಅಂಕ ಪಡೆದವರ ರ್‍ಯಾಂಕ್ 80 ಸಾವಿರದ ಆಸುಪಾಸಿನಲ್ಲಿತ್ತು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿತ್ತು, ಅದೇ 600 ಅಂಕ ಬಂದವರು ಒಂದೂವರೆ ಸಾವಿರದೊಳಗೇ ಇದ್ದರು! ಆದ್ದರಿಂದ ಹೋಲಿಸಬೇಕಾದದ್ದು ರ್‍ಯಾಂಕನ್ನು ಮಾತ್ರ.

ಅಂಕಪಟ್ಟಿಯಲ್ಲಿ ಆಲ್ ಇಂಡಿಯಾ ರ್‍ಯಾಂಕ್ ಒಂದು, ಕೆಟಗರಿ ರ್‍ಯಾಂಕ್ ಇನ್ನೊಂದು ಇರುತ್ತದೆ. ಎರಡನ್ನೂ ಕಲಸಿಕೊಂಡು ಲೆಕ್ಕ ತಪ್ಪಿಸುವವರು ಬಹಳ. ಹಾಗೇ ‘ಕ್ವಾಲಿಫೈ’ ಆಗಿದೆ ಎಂದರೆ ಸೀಟು ಸಿಕ್ಕಿತು ಅಂತಲೂ ಅಲ್ಲ. 2025ರಲ್ಲಿ ಪರೀಕ್ಷೆ ಬರೆದವರು ಸುಮಾರು 22 ಲಕ್ಷ, ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿ ಎಂಬಿಬಿಎಸ್ ಸೀಟುಗಳು ಇರುವುದು ಒಂದು ಲಕ್ಷ ಚಿಲ್ಲರೆ. ಅದರಲ್ಲೂ ಸರ್ಕಾರಿ ಕಾಲೇಜಿನವು ಅರ್ಧದಷ್ಟು ಮಾತ್ರ. ಮಗು ದಡ್ಡ ಅಂತ ಸೀಟು ತಪ್ಪುವುದಿಲ್ಲ, ಸೀಟೇ ಕಡಿಮೆ ಎಂಬುದನ್ನು ಮೊದಲು ನಾವು ತಿಳಿದುಕೊಂಡರೆ ಮಗುವಿಗೂ ಹೇಳಬಹುದು.

ಯಾವ ಬಾಗಿಲು, ಎಷ್ಟು ದುಡ್ಡು?

ನಮ್ಮ ರಾಜ್ಯದಲ್ಲಿ ಸರ್ಕಾರಿ, ಖಾಸಗಿ ಸೇರಿ ಸುಮಾರು 70 ಮೆಡಿಕಲ್ ಕಾಲೇಜುಗಳಿವೆ. ಅವುಗಳೊಳಗೆ ಹೋಗುವ ಬಾಗಿಲುಗಳು ಹೀಗಿವೆ:

* ಸರ್ಕಾರಿ ಕಾಲೇಜಿನ ಸೀಟು: ನೂರಕ್ಕೆ 85 ಸೀಟುಗಳನ್ನು ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಹಂಚುತ್ತದೆ. ಉಳಿದ 15 ಅಖಿಲ ಭಾರತ ಕೋಟಾ, ಅದಕ್ಕೆ ಎಂಸಿಸಿಯಲ್ಲಿ ಬೇರೆಯೇ ನೋಂದಣಿ ಮಾಡಿಸಬೇಕು. ಇತ್ತೀಚಿನ ವರ್ಷಗಳಲ್ಲಿ ವಾರ್ಷಿಕ ಫೀಸು 60-65 ಸಾವಿರ ರೂಪಾಯಿ.

* ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ: ಸಾಮಾನ್ಯವಾಗಿ ನೂರಕ್ಕೆ 40 ಸೀಟು. ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ಕಡಿಮೆ. ಫೀಸು ಸುಮಾರು ಒಂದೂವರೆ ಲಕ್ಷ.

* ಖಾಸಗಿ ಸೀಟು: ಇದೂ ಕೆಇಎ ಮೂಲಕವೇ. ವರ್ಷಕ್ಕೆ 10ರಿಂದ 12 ಲಕ್ಷ. ಎನ್‌ಆರ್‌ಐ ಕೋಟಾ ಇದಕ್ಕಿಂತ ಎಷ್ಟೋ ದುಬಾರಿ.

* ಡೀಮ್ಡ್ ವಿಶ್ವವಿದ್ಯಾಲಯ: ಮಣಿಪಾಲದ ಕೆಎಂಸಿ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಜೆಎನ್‌ಎಂಸಿ ಮುಂತಾದವು. ಇವುಗಳ ಸೀಟು ಹಂಚುವುದು ಎಂಸಿಸಿ. ವರ್ಷಕ್ಕೆ 20 ಲಕ್ಷದ ಆಸುಪಾಸು ಇಟ್ಟುಕೊಳ್ಳಿ.

ಓದು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ವರ್ಷಕ್ಕೆ 12 ಲಕ್ಷ ಎಂದರೆ ಫೀಸೇ ಅರ್ಧ ಕೋಟಿ ದಾಟುತ್ತದೆ. ಹಾಸ್ಟೆಲು, ಊಟ, ಪುಸ್ತಕ ಬೇರೆ. ಇಷ್ಟಕ್ಕೇ ಮುಗಿಯೋದಿಲ್ಲ. ಎಂಬಿಬಿಎಸ್ ಆದ ಮೇಲೆ ಸ್ಪೆಷಲಿಸ್ಟ್ ಆಗಬೇಕಾದರೆ ಇನ್ನೂ ಮೂರು ವರ್ಷದ ಪಿಜಿ. ಇರುವ ಸೈಟು, ಒಡವೆ ಎಲ್ಲವನ್ನೂ ಮೊದಲ ಮೆಟ್ಟಿಲಿಗೇ ಸುರಿದುಬಿಟ್ಟರೆ ಎರಡನೇ ಮೆಟ್ಟಿಲಿಗೆ ಏನು ಮಾಡ್ತೀರಿ? ತಂಗಿ ತಮ್ಮಂದಿರ ಓದೂ ಇದೆಯಲ್ಲ?

ಬ್ಯಾಂಕ್ ಸಾಲ ಸಿಗುತ್ತದೆ. ಆದರೆ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಜಾಮೀನು ಕೇಳುತ್ತಾರೆ. ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲವನ್ನೂ ವಿಚಾರಿಸಿ. ಆಪ್ಷನ್ ಎಂಟ್ರಿಗೆ ಮೊದಲೇ ಗಂಡ ಹೆಂಡತಿ ಕೂತು ‘ವರ್ಷಕ್ಕೆ ಇಷ್ಟರ ಮೇಲೆ ಆಗೋದಿಲ್ಲ’ ಎಂದು ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆ ಎಲ್ಲಿದೆ ಅಂತ ಮಕ್ಕಳಿಗೂ ಹೇಳಿ. ಹದಿನೆಂಟು ವರ್ಷದ ಮಗುವಿಗೆ ಮನೆಯ ಪರಿಸ್ಥಿತಿ ಅರ್ಥವಾಗುತ್ತದೆ. ಮುಚ್ಚಿಟ್ಟು, ಸೀಟು ಬಂದ ಮೇಲೆ ‘ಆಗೋಲ್ಲ’ ಎಂದರೆ ಮಾತ್ರ ಆ ನೋವು ತಡೆಯಲಾರದು.

ಒಂದು ನೋಟ್‌ಬುಕ್, ಮೂರು ಪಟ್ಟಿ

ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ರ್‍ಯಾಂಕ್ ಸಿಗುತ್ತದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಳೆಯ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ. ಜಿಎಂ, 2ಎ, 3ಬಿ ಹೀಗೆ ಪ್ರತಿ ವರ್ಗಕ್ಕೂ ಕಟ್‌ಆಫ್ ಬೇರೆ. ಅದರ ಪಕ್ಕದ ‘ಜಿ’, ‘ಕೆ’, ‘ಆರ್’ ಅಕ್ಷರಗಳು ಸಾಮಾನ್ಯ, ಕನ್ನಡ ಮಾಧ್ಯಮ, ಗ್ರಾಮೀಣ ಎಂಬುದರ ಸೂಚನೆ. ನಿಮಗೆ ಅನ್ವಯಿಸುವ ಕಾಲಂ ಮಾತ್ರ ನೋಡಿ. ಮೊದಲ ಸುತ್ತಿನದ್ದಷ್ಟೇ ಅಲ್ಲ, ಕೊನೆಯ ಸುತ್ತಿನದ್ದನ್ನೂ ಬರೆದುಕೊಳ್ಳಿ. ಸುತ್ತು ಮುಂದುವರಿದಂತೆ ಎಷ್ಟೋ ಕಾಲೇಜುಗಳ ಕಟ್‌ಆಫ್ ಕೆಳಗಿಳಿಯುತ್ತದೆ.

ಈಗ ಮೂರು ಪಟ್ಟಿ ಮಾಡಿ. ಮಗಳ ರ್‍ಯಾಂಕಿಗೆ ಹೋದ ವರ್ಷ ಸಿಗದ, ಆದರೆ ಹತ್ತಿರದಲ್ಲಿರುವ ಕಾಲೇಜುಗಳು ಒಂದನೇ ಪಟ್ಟಿಗೆ, ಇವು ಆಸೆಯವು. ಹೆಚ್ಚು ಕಡಿಮೆ ಅದೇ ರ್‍ಯಾಂಕಿಗೆ ಮುಗಿದ ಕಾಲೇಜುಗಳು ಎರಡನೆಯದಕ್ಕೆ. ಸಲೀಸಾಗಿ ಸಿಗುವಂಥವು ಮೂರನೆಯದಕ್ಕೆ. ಮೂರನೇ ಪಟ್ಟಿ ಖಾಲಿ ಇದ್ದರೆ ಅದೇ ಎಚ್ಚರಿಕೆಯ ಗಂಟೆ. ಆಗ ಬೇರೆ ಕೋರ್ಸುಗಳ ವಿಚಾರವನ್ನೂ ಜೊತೆಜೊತೆಗೇ ಶುರು ಮಾಡಬೇಕು.

ಆಪ್ಷನ್ ತುಂಬುವಾಗ ಕ್ರಮ ಬಹಳ ಮುಖ್ಯ. ಕಂಪ್ಯೂಟರು ಮಗಳ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಹಾಗಾಗಿ ‘ಸಿಗುವುದನ್ನು ಮೊದಲು ಹಾಕೋಣ’ ಅನ್ನುವ ಭಯ ಬೇಡ. ಅದನ್ನು ಮೇಲೆ ಹಾಕಿದರೆ ಅದೇ ಸಿಕ್ಕು, ಕೆಳಗೆ ಬರೆದ ಒಳ್ಳೆಯ ಕಾಲೇಜು ಸಿಗುವಂತಿದ್ದರೂ ತಪ್ಪಿಹೋಗುತ್ತದೆ. ಮನಸ್ಸಿಗೆ ಬೇಕಾದ ಕ್ರಮದಲ್ಲೇ ಬರೆಯಿರಿ, ಪಟ್ಟಿ ಉದ್ದವಿರಲಿ. ಆದರೆ ಸಿಕ್ಕರೂ ಸೇರಲಾಗದ, ಫೀಸು ಕಟ್ಟಲಾಗದ ಕಾಲೇಜನ್ನು ಮಾತ್ರ ಹಾಕಲೇಬೇಡಿ. ನಿಜವಾದ ಸುತ್ತಿಗೆ ಮೊದಲು ಅಣಕು ಹಂಚಿಕೆ ಇರುತ್ತದೆ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಬಹುದು.

ಸೀಟು ಬಂದ ಮೇಲೆ ‘ಚಾಯ್ಸ್’ ಕೇಳುತ್ತಾರೆ. ತೃಪ್ತಿಯಾಗಿದೆ, ಸೇರುತ್ತೇವೆ ಎಂದರೆ ಚಾಯ್ಸ್ 1. ಇದು ಇರಲಿ, ಇನ್ನೂ ಒಳ್ಳೆಯದು ಬಂದರೆ ನೋಡೋಣ ಎಂದರೆ ಚಾಯ್ಸ್ 2. ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಬಂದರೆ ಕೈಯಲ್ಲಿದ್ದ ಸೀಟು ತಾನಾಗಿಯೇ ಹೋಗುತ್ತದೆ, ಮತ್ತೆ ಕೇಳಿದರೂ ಸಿಗುವುದಿಲ್ಲ. ಶುಲ್ಕ, ದಂಡದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನು ಒಮ್ಮೆ ಪೂರ್ತಿ ಓದಿಬಿಡಿ.

ದೂರದ ಊರೆಂದು ಬಿಡಬೇಡಿ

ಪರೀಕ್ಷೆ ಬರೆಯುವವರಲ್ಲಿ ಈಗ ಹುಡುಗಿಯರೇ ಹೆಚ್ಚು. 2024ರಲ್ಲಿ ಬರೆದ 23 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. ಆದರೆ ಕಾಲೇಜು ಆರಿಸುವ ಹೊತ್ತಿಗೆ ‘ಹೆಣ್ಣು ಹುಡುಗೀನ ಅಷ್ಟು ದೂರ ಯಾಕೆ ಕಳಿಸ್ತೀಯಮ್ಮಾ, ಇಲ್ಲೇ ಯಾವುದಾದ್ರೂ ಡಿಗ್ರಿ ಮಾಡ್ಲಿ ಬಿಡು’ ಎಂದು ಮನೆಯ ಹಿರಿಯರು ಹೇಳುವುದುಂಟು. ಬೀದರ್, ರಾಯಚೂರು, ಕೊಪ್ಪಳ, ಕಾರವಾರ, ಚಾಮರಾಜನಗರದ ಸರ್ಕಾರಿ ಕಾಲೇಜುಗಳು ಇದೇ ಕಾರಣಕ್ಕೆ ಪಟ್ಟಿಯಿಂದ ಬಿಟ್ಟುಹೋಗುತ್ತವೆ.

ಒಂದು ವಿಷಯ ನೆನಪಿಡಿ. ರಾಜ್ಯದ ಸರ್ಕಾರಿ ಕಾಲೇಜುಗಳೂ, ಡೀಮ್ಡ್ ಅಲ್ಲದ ಬಹುಪಾಲು ಖಾಸಗಿ ಕಾಲೇಜುಗಳೂ ಸೇರಿರುವುದು 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಬೆಂಗಳೂರಿನಲ್ಲಿ ಓದಿದರೂ ಚಾಮರಾಜನಗರದಲ್ಲಿ ಓದಿದರೂ ಪಠ್ಯ, ಪರೀಕ್ಷೆ, ಪದವಿ ಪತ್ರ ಎಲ್ಲ ಒಂದೇ. 1924ರ ಮೈಸೂರು ಮೆಡಿಕಲ್, 1955ರ ಬೆಂಗಳೂರು ಮೆಡಿಕಲ್, 1957ರ ಹುಬ್ಬಳ್ಳಿ ಕಾಲೇಜುಗಳ ಹೆಸರು ದೊಡ್ಡದು, ಅನುಭವವೂ ದೊಡ್ಡದು. ಹಾಗಂತ ಜಿಲ್ಲಾ ಕೇಂದ್ರದ ಕಾಲೇಜು ಕಡೆಗಣಿಸುವಂಥದ್ದಲ್ಲ. ಜಿಲ್ಲಾಸ್ಪತ್ರೆ ಜೊತೆಗಿರುವುದರಿಂದ ಅಲ್ಲಿ ರೋಗಿಗಳಿಗೆ ಬರವಿಲ್ಲ. ವೈದ್ಯ ವಿದ್ಯಾರ್ಥಿಗೆ ರೋಗಿಯೇ ದೊಡ್ಡ ಪಾಠ.

ಥಳಥಳಿಸುವ ಕಟ್ಟಡ ನೋಡಿ ಮರುಳಾಗುವ ಮೊದಲು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಜನ ತುಂಬಿದ್ದಾರಾ? ವಾರ್ಡಿನಲ್ಲಿ ಹಾಸಿಗೆ ಖಾಲಿಯಾ? ಹಿರಿಯ ವಿದ್ಯಾರ್ಥಿನಿಯರನ್ನು ಮಾತಾಡಿಸಿ: ಹಾಸ್ಟೆಲ್ ಕ್ಯಾಂಪಸ್ಸಿನೊಳಗಿದೆಯಾ, ರಾತ್ರಿ ಡ್ಯೂಟಿಯಿಂದ ಬರುವಾಗ ಭದ್ರತೆ ಹೇಗೆ, ನೀರು ಊಟ ಹೇಗೆ, ಪಾಠ ಸರಿಯಾಗಿ ನಡೆಯುತ್ತಾ? ಕಾಲೇಜಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ ಇದೆಯೇ ಎಂಬುದನ್ನು ಆಯೋಗದ ಪಟ್ಟಿಯಲ್ಲೇ ನೋಡಿಕೊಳ್ಳಿ.

ದಾಖಲೆ ಮೊದಲೇ ಇರಲಿ

ರ್‍ಯಾಂಕ್ ಇದ್ದೂ ಕಾಗದ ಇಲ್ಲದೆ ಸೀಟು ಕಳೆದುಕೊಂಡರೆ ಅದಕ್ಕಿಂತ ಸಂಕಟ ಇನ್ನೊಂದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸರಿಯಿದೆಯಾ, ಹೆಸರಿನ ಅಕ್ಷರಗಳು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದುತ್ತವೆಯಾ ನೋಡಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ಬಿಇಒ ಸಹಿ ಇರುವ ಪತ್ರ ಬೇಕು. ಕಲ್ಯಾಣ ಕರ್ನಾಟಕದವರಾದರೆ 371(ಜೆ) ಅರ್ಹತಾ ಪತ್ರ. ಕೆಲಸದ ಮೇಲೆ ಊರೂರು ಸುತ್ತಿದ ಕುಟುಂಬವಾದರೆ ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ಒಟ್ಟು ಮಾಡಿಟ್ಟುಕೊಳ್ಳಿ.

ಇನ್ನು, ‘ಇಷ್ಟು ಕೊಡಿ, ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ’ ಎನ್ನುವ ಏಜೆಂಟರ ಫೋನು ಬಂದರೆ ಇಟ್ಟುಬಿಡಿ. ಖಾಸಗಿ, ಡೀಮ್ಡ್ ಸೀಟುಗಳೂ ನೀಟ್ ರ್‍ಯಾಂಕ್ ಮೇಲೆ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗುತ್ತವೆ.

ವಿದೇಶಕ್ಕೆ ಕಳಿಸುವ ಆಲೋಚನೆ ಇದ್ದರೂ ನಿಧಾನಿಸಿ. ಅಲ್ಲಿಗೂ ನೀಟ್ ಅರ್ಹತೆ ಬೇಕೇ ಬೇಕು. 2021ರ ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಇಂಗ್ಲಿಷ್ ಮಾಧ್ಯಮದ ಕೋರ್ಸ್, ಅಲ್ಲೊಂದು ವರ್ಷ ಇಂಟರ್ನ್‌ಶಿಪ್, ವಾಪಸ್ ಬಂದು ಇಲ್ಲೊಂದು ಪರೀಕ್ಷೆ, ಮತ್ತೊಂದು ಇಂಟರ್ನ್‌ಶಿಪ್. ಆ ಪರೀಕ್ಷೆಯಲ್ಲಿ ಹೆಚ್ಚಿನ ಸಲ ಮೂವರಲ್ಲಿ ಒಬ್ಬರೂ ಪಾಸಾಗುವುದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ನಮ್ಮ ಮಕ್ಕಳು ಓದು ಅರ್ಧಕ್ಕೆ ಬಿಟ್ಟು ಬಂದದ್ದು ನೆನಪಿದೆಯಲ್ಲ?

ಸಿಗದಿದ್ದರೆ?

ಲಾಂಗ್ ಟರ್ಮ್ ಕೋಚಿಂಗಿಗೆ ಹಾಕಿ ಇನ್ನೊಂದು ಸಲ ಬರೆಸುವುದಾ? ರ್‍ಯಾಂಕ್ ಕಟ್‌ಆಫಿನ ಹತ್ತಿರ ಬಂದು ನಿಂತಿದ್ದರೆ, ಮಗುವೇ ‘ಇನ್ನೊಂದು ಸಲ ನೋಡ್ತೀನಮ್ಮ’ ಎಂದರೆ ಒಂದು ವರ್ಷ ಕೊಡಬಹುದು. ಬಹಳ ದೂರವಿದ್ದು, ಆಸೆ ನಮ್ಮದು ಮಾತ್ರವಾಗಿದ್ದರೆ ಒತ್ತಾಯ ಬೇಡ. ಮೂರನೇ, ನಾಲ್ಕನೇ ಪ್ರಯತ್ನಕ್ಕೆ ಹೋಗುವ ಮೊದಲು ಎರಡು ಸಲ ಯೋಚಿಸಿ. ಊಟ ಬಿಡುವುದು, ನಿದ್ದೆ ಇಲ್ಲದಿರುವುದು, ಯಾರ ಜೊತೆಗೂ ಮಾತಾಡದಿರುವುದು ಕಂಡರೆ ಕಟ್‌ಆಫ್ ಪಟ್ಟಿ ಮುಚ್ಚಿಟ್ಟು ಮೊದಲು ಮಗುವನ್ನು ನೋಡಿಕೊಳ್ಳಿ. ಅಗತ್ಯ ಬಿದ್ದರೆ ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ದಾರಿಗಳು ಇನ್ನೂ ಇವೆ. ದಂತ ವೈದ್ಯಕೀಯ, ಆಯುರ್ವೇದಕ್ಕೆ ಇದೇ ನೀಟ್ ರ್‍ಯಾಂಕ್ ಸಾಕು. ಪಶುವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮ್, ಫಾರ್ಮ್.ಡಿ.ಗೆ ರಾಜ್ಯದ ಸಿಇಟಿ ಇದೆ. ಅದಕ್ಕೇ ‘ನೀಟ್ ಬರೀತಾಳಲ್ಲ’ ಎಂದು ಸಿಇಟಿ ಬಿಡಿಸಬೇಡಿ. ಫಿಸಿಯೋಥೆರಪಿ, ಆಪ್ಟೋಮೆಟ್ರಿ, ಲ್ಯಾಬ್ ಮತ್ತು ರೇಡಿಯಾಲಜಿ ಕೋರ್ಸುಗಳಿವೆ. ಮಾತು ಮತ್ತು ಶ್ರವಣದ ಚಿಕಿತ್ಸೆ ಕಲಿಸುವ, 1965ರಲ್ಲಿ ಆರಂಭವಾದ ದೇಶದ ಹೆಸರಾಂತ ಸಂಸ್ಥೆ ‘ಆಯಿಷ್’ ನಮ್ಮ ಮೈಸೂರಿನಲ್ಲೇ ಇದೆ.

ರೋಗಿಯ ಕೈ ಹಿಡಿದು ಧೈರ್ಯ ಹೇಳುವ ಕೆಲಸಕ್ಕೆ ಇವೆಲ್ಲವೂ ದಾರಿಗಳೇ. ಇವತ್ತು ಸಂಜೆ ಟೀವಿ ಆರಿಸಿ, ಮಕ್ಕಳ ಜೊತೆ ಅರ್ಧ ಗಂಟೆ ಕೂತು ಆ ಮೂರು ಪಟ್ಟಿ ಶುರು ಮಾಡಿ. ಪೆನ್ನು ಮಾತ್ರ ಅವರ ಕೈಯಲ್ಲೇ ಇರಲಿ, ಓದಬೇಕಾದವರು ಅವರು ತಾನೇ?