ನೂಕುನುಗ್ಗಲೋ, ಕಾಲ್ತುಳಿತವೋ?

ಬಹುಮಂದಿ ಒಂದೆಡೆ ನೆರೆದರೆ ಅದಕ್ಕೆ ಇಂಗ್ಲಿಷಿನಲ್ಲಿ ಒಂದೇ ಹೆಸರಿಲ್ಲ. ಸಂಗೀತ ಕೇಳಲು ಕುಳಿತವರು 'ಆಡಿಯನ್ಸ್'; ಪ್ರಾರ್ಥನೆಗೆ ಕೂಡಿದವರು 'ಕಾಂಗ್ರಿಗೇಷನ್'; ರೊಚ್ಚಿಗೆದ್ದು ಕಲ್ಲು ಹಿಡಿದರೆ ಅದೇ ಜನ 'ಮಾಬ್'. ಈ 'ಮಾಬ್' ಎಂಬುದು ಚಂಚಲರಾದ ಸಾಮಾನ್ಯ ಜನರು ಎಂಬರ್ಥದ 'ಮೊಬಿಲೆ ವುಲ್ಗುಸ್' ಎಂಬ ಲ್ಯಾಟಿನ್ ನುಡಿಯ ತುಂಡು. ಗಲಿವರನ ಕಥೆಯನ್ನು ಬರೆದ ಸ್ವಿಫ್ಟನು 1710ರಲ್ಲಿ ಇಂಥ ಮೊಟಕು ಮಾತುಗಳನ್ನು ಕಟುವಾಗಿ ಹಳಿದನು; ಆದರೂ ಪದ ಉಳಿಯಿತು.

ಭೌತವಿಜ್ಞಾನವನ್ನು ಬೋಧಿಸುವ ನಮ್ಮ ಗಮನವನ್ನು ಸೆಳೆಯುವುದು 'ಕ್ರೌಡ್' ಎಂಬ ಸಾಧಾರಣ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ಧಾತುವಿಗೆ ಒತ್ತು, ನೂಕು ಎಂದರ್ಥ. 'ಥ್ರಾಂಗ್' ಪದದ ಮೂಲವೂ ಅಂಥದೇ. ಜನ ಸೇರಿದಲ್ಲಿ ಒತ್ತಡ ಹುಟ್ಟುತ್ತದೆಂಬುದು ಆ ಪದಗಳಲ್ಲೇ ಅಡಗಿದೆ.

ವಾಚಕರು ಒಂದು ಪ್ರಯೋಗ ಮಾಡಿ ನೋಡಬಹುದು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಚೌಕವನ್ನು ಬರೆಯಿರಿ. ಇಬ್ಬರು ಅದರಲ್ಲಿ ಆರಾಮವಾಗಿ ನಿಲ್ಲುತ್ತಾರೆ. ನಾಲ್ವರು ನಿಂತರೆ ಮೈಗೆ ಮೈ ತಾಗುವಂತಾಗುತ್ತದೆ. ದೊಡ್ಡ ಗುಂಪಿನಲ್ಲಿ ಈ ಸಂಖ್ಯೆ ಐದನ್ನು ಮೀರಿದರೆ ಅಪಾಯ ಆರಂಭವಾಯಿತೆಂದೇ ತಜ್ಞರ ಎಣಿಕೆ. ಸುಮಾರು ಏಳು ಆದಾಗ ಗುಂಪು ದ್ರವದಂತೆ ವರ್ತಿಸತೊಡಗುತ್ತದೆಂದು ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ 1993ರಲ್ಲಿ ಬರೆದರು. ಆಗ ಯಾರೂ ತಮ್ಮ ಇಚ್ಛೆಯಂತೆ ಹೆಜ್ಜೆಯಿಡಲಾರರು. ಹಿಂದಿನವರ ನೂಕು ಅಲೆಯಾಗಿ ಬಂದು ಮನುಷ್ಯರನ್ನು ನೆಲದಿಂದಲೇ ಎತ್ತಿ ಒಯ್ಯುತ್ತದೆ. ಇಂಥ ದುರಂತಗಳ ತರುವಾಯ ಬಾಗಿದ ಉಕ್ಕಿನ ಕಂಬಿಗಳನ್ನು ನೋಡಿದರೆ, ಅವುಗಳ ಮೇಲೆ 4,500 ನ್ಯೂಟನ್ನಿಗೂ ಮಿಕ್ಕ ಬಲ ಬಿದ್ದಿರಬೇಕೆಂದು ತಿಳಿಯುತ್ತದೆ; ಅದು ಸುಮಾರು 460 ಕಿಲೋಗ್ರಾಂ ತೂಕಕ್ಕೆ ಸಮ. ಉಸಿರೆಳೆಯಲು ಎದೆಗೂಡು ಹಿಗ್ಗಬೇಕಷ್ಟೆ? ಹಿಂದುಮುಂದಿನಿಂದ ಅದುಮಿದಾಗ ಅದು ಹಿಗ್ಗದು. ಮಡಿಯುವವರಲ್ಲಿ ಬಹುತೇಕರು ಹೀಗೆ ಉಸಿರುಕಟ್ಟಿ, ಎಷ್ಟೋ ವೇಳೆ ನಿಂತಲ್ಲೇ, ಸಾಯುತ್ತಾರೆ.

ಇದಕ್ಕೆ ತಕ್ಕ ಇಂಗ್ಲಿಷ್ ಪದ 'ಕ್ರಷ್', ಅಂದರೆ ಅದುಮಿ ಜಜ್ಜುವಿಕೆ. ಪತ್ರಿಕೆಗಳು ಹೆಚ್ಚಾಗಿ ಬಳಸುವುದು ಮಾತ್ರ 'ಸ್ಟ್ಯಾಂಪೀಡ್'. ಮೆಕ್ಸಿಕೋದ ಸ್ಪ್ಯಾನಿಷಿನಿಂದ ಬಂದ ಈ ಪದ ಬೆದರಿ ಓಡುವ ದನದ ಮಂದೆಯದು. ಜಾಗವಿದ್ದರೆ ತಾನೆ ಓಟ! ಪದದ ತಪ್ಪು ಇಷ್ಟಕ್ಕೇ ನಿಲ್ಲದು. ಬೆದರಿದವರದೇ ಅಪರಾಧವೆಂಬ ಧ್ವನಿಯನ್ನೂ ಅದು ಹೊರಡಿಸುತ್ತದೆ. ಇಂಗ್ಲೆಂಡಿನ ಷೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ 1989ರಲ್ಲಿ ಕಂಬಿಬೇಲಿಯ ಆವರಣದೊಳಗಿನ ಒತ್ತಡಕ್ಕೆ ಸಿಕ್ಕಿ 97 ಮಂದಿ ಪ್ರಾಣ ಕಳೆದುಕೊಂಡರು. ದೋಷವನ್ನು ಮೊದಲು ಪ್ರೇಕ್ಷಕರ ಮೇಲೆಯೇ ಹೊರಿಸಿದರು. ಅವರು ನಿರ್ದೋಷಿಗಳೆಂದು ಮರಣವಿಚಾರಣೆಯ ಜ್ಯೂರಿ ತೀರ್ಪಿತ್ತದ್ದು 2016ರಲ್ಲಿ, 27 ವರ್ಷಗಳ ತರುವಾಯ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಮಡಿದಾಗಲೂ ಇಂಗ್ಲಿಷ್ ಪತ್ರಿಕೆಗಳು 'ಸ್ಟ್ಯಾಂಪೀಡ್' ಎಂದವು, ಕನ್ನಡ ಪತ್ರಿಕೆಗಳು 'ಕಾಲ್ತುಳಿತ' ಎಂದವು. ಎರಡೂ ಪದಗಳ ದೃಷ್ಟಿ ಕಾಲಿನ ಮೇಲೆ. ಒತ್ತಡ ಬೀಳುವುದಾದರೋ ಎದೆಯ ಮೇಲೆ. ನಮ್ಮಲ್ಲಿ 'ನೂಕುನುಗ್ಗಲು' ಎಂಬ ಮಾತೊಂದುಂಟು. 'ಕ್ರೌಡ್' ಪದದ ಧಾತುವಿನಲ್ಲಿ ಹುದುಗಿದ ಅರ್ಥವನ್ನೇ ಅದು ಬಾಯಿಬಿಟ್ಟು ಹೇಳುತ್ತದೆ.